ಒಂದ್ ಸೈಜ್ ದೊಡ್ಡದ ತಗೋ

ಹೋದ ಜನವರಿಯ ಒಂದು ಶನಿವಾರ. ಓಸ್ಲೋದ ಮೆಟ್ರೋ ಐದನೇ ಲೈನಿನ ಕೊನೆ ಸ್ಟಾಪ್ ಸೊಂಗ್ಸ್‌ವಾನ್. ಇಳಿದರೆ ಎದುರಿಗೇ ಹೆಪ್ಪುಗಟ್ಟಿದ ಕೆರೆ, ಅದರಾಚೆ ಕಾಡು, ಕಾಡಿನೊಳಗೆ ಸ್ಕೀ ದಾರಿಗಳು. ಮೈನಸ್ ಏಳು ಡಿಗ್ರಿ. ಆರು ವರ್ಷದ ನನ್ನ ಮಗಳು ದಾರಿ ಮಧ್ಯೆ ಹಿಮದ ಮೇಲೆ ಕುಂತುಬಿಟ್ಟಿದ್ದಳು. ಕೈಯಲ್ಲಿದ್ದ ಎರಡೂ ಪೋಲುಗಳನ್ನು ಒಂದೊಂದು ದಿಕ್ಕಿಗೆ ಎಸೆದಾಗಿತ್ತು. ಅವಳ ಕ್ಲಾಸಿನ ಹುಡುಗರು ಬಾತುಕೋಳಿ ಮರಿಗಳ ಹಾಗೆ ಸಾಲಾಗಿ ಪಕ್ಕದಲ್ಲೇ ಜಾರಿಕೊಂಡು ಹೋದರು. ನಾನು ಪಕ್ಕಕ್ಕೆ ಕುಂತು "ಯಾಕ ಚಿನ್ನಿ, ಚಳಿ ಆತೇನು? ಕಾಲು ನೋಯಾಕತ್ತಾವೇನು?" ಅಂದೆ.

"ಇಲ್ಲ ಮಮ್ಮಿ. ನನ್ ಕೈ ಸರಿ ಇಲ್ಲ."

ಚಳಿ ಆಗ್ತಿದೆ ಅಂದಿದ್ದರೆ ಥರ್ಮಾಸ್‌ನಲ್ಲಿದ್ದ ಬಿಸಿ ಬೋರ್ನ್‌ವಿಟಾ ಕೊಡ್ತಿದ್ದೆ. ಕಾಲು ನೋವು ಅಂದಿದ್ದರೆ ಎತ್ತಿಕೊಳ್ತಿದ್ದೆ. ಕೈ ಸರಿ ಇಲ್ಲ ಅಂದರೆ ಏನು ಮಾಡೋದು? ಎಸೆದ ಪೋಲುಗಳನ್ನು ಎತ್ತಿಕೊಂಡು ಬಂದು ಅವಳ ಪಕ್ಕ ನಿಲ್ಲಿಸಿ ನೋಡಿದೆ. ಹಿಡಿ ಅವಳ ತುಟಿ ಹತ್ತಿರ ಬಂತು. ಆವಾಗ ಹೊಳೀತು. ಕೈ ಸರಿಯಾಗೇ ಇದೆ. ತಪ್ಪಿರೋದು ಪೋಲು, ಅದನ್ನು ಕೊಂಡವಳು ನಾನು.

ಕೊಳ್ಳುವಾಗ ಬೈಲಹೊಂಗಲದಿಂದ ನಮ್ಮವ್ವ ವಿಡಿಯೋ ಕಾಲ್‌ನಲ್ಲಿದ್ದಳು. ನಾನು ಅಂಗಡಿಯ ರ‍್ಯಾಕ್ ಮುಂದೆ ನಿಂತು 90 ತಗೋಬೇಕೋ 95 ತಗೋಬೇಕೋ ಅಂತ ಲೆಕ್ಕ ಹಾಕ್ತಿದ್ದೆ. "ಅದೇನ್ ಅಷ್ಟ್ ಸಣ್ಣಾವು ನೋಡಾಕತ್ತೀ? ಬೆಳಿಯೂ ಹುಡುಗಿ ಐತಿ, ಒಂದ್ ಸೈಜ್ ದೊಡ್ಡದ ತಗೋ. ಮುಂದಿನ ವರ್ಷಕ್ಕೂ ಬರ್ತೈತಿ" ಅಂದಳು. ನಾನು ಅವ್ವನಿಗಿಂತ ಒಂದು ಕೈ ಮೇಲೆ. ಒಂದು ಸೈಜ್ ಯಾಕೆ, ಮೂರು ಸೈಜ್ ಇರಲಿ ಅಂತ 105 ಸೆಂಟಿಮೀಟರಿನವು ತಗೊಂಡೆ. ಎರಡು ಚಳಿಗಾಲ ಚಿಂತೆ ಇಲ್ಲ ಅಂತ ಖುಷಿ ಬೇರೆ.

ಇದು ಅವ್ವನ ತಪ್ಪಲ್ಲ. ಬೈಲಹೊಂಗಲ ಪೇಟೆಯಲ್ಲಿ ಯೂನಿಫಾರ್ಮ್ ಹೊಲಿಸಿಕೊಂಡು ಬೆಳೆದ ಎಲ್ಲರಿಗೂ ಈ ಲೆಕ್ಕ ಗೊತ್ತು. ಲಂಗದ ಅಂಚಿಗೆ ನಾಲ್ಕು ಬೆರಳು ಮಡಿಕೆ ಬಿಟ್ಟು ಹೊಲಿಯೋದು, ಪ್ರತಿ ಜೂನ್‌ನಲ್ಲಿ ಒಂದೊಂದು ಮಡಿಕೆ ಬಿಚ್ಚೋದು. ಬಿಚ್ಚಿದ ಜಾಗದಲ್ಲಿ ಬಟ್ಟೆಯ ಬಣ್ಣ ಗಾಢವಾಗಿ ಉಳಿದು, ಯಾರು ಎಷ್ಟನೇ ವರ್ಷ ಅದೇ ಲಂಗ ಹಾಕ್ತಿದ್ದಾರೆ ಅಂತ ಪಟ್ಟೆ ಎಣಿಸಿ ಹೇಳಬಹುದಿತ್ತು. ಚಪ್ಪಲಿ ದೊಡ್ಡದಿದ್ದರೆ ಮುಂದೆ ಹತ್ತಿ ತುರುಕೋದು. ಹತ್ತಿಗೇನು ನಮ್ಮೂರಲ್ಲಿ ಬರ ಇಲ್ಲ. ಬಟ್ಟೆಗೆ, ಚಪ್ಪಲಿಗೆ, ಸ್ವೆಟರಿಗೆ ನಡೆಯೋ ಲೆಕ್ಕ ಕೋಲಿಗೆ ನಡೆಯೋದಿಲ್ಲ ಅಂತ ನನಗೆ ಹೊಳೀಲಿಲ್ಲ. ಇಂಜಿನಿಯರಿಂಗ್ ಓದಿದ್ದೇನೆ, ಸನ್ನೆಗೋಲಿನ ಪಾಠ ಎಂಟನೇ ಕ್ಲಾಸಿನಲ್ಲೇ ಆಗಿತ್ತು. ಆದರೂ.

ಈ ಆಟ ನೋಡದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಸಿನಿಮಾದಲ್ಲಿ ಹೀರೋ ಬೆಟ್ಟದ ಮೇಲಿಂದ ಸೊಂಯ್ ಅಂತ ಇಳಿದು ಬರ್ತಾನಲ್ಲ, ಅದು ಬೇರೆ, ಅದು ಆಲ್ಪೈನ್. ನಾನು ಹೇಳ್ತಿರೋದು ಕ್ರಾಸ್ ಕಂಟ್ರಿ ಸ್ಕೀಯಿಂಗ್. ಬಯಲು, ಕಾಡು, ಏರು, ಇಳಿಜಾರು ಎಲ್ಲ ಕಡೆಯೂ ನಮ್ಮ ಶಕ್ತಿಯಿಂದಲೇ ಸಾಗಬೇಕು. ತೆಳ್ಳನೆ ಉದ್ದ ಸ್ಕೀ, ಹಿಮ್ಮಡಿ ಬಿಡುಗಡೆಯಾಗಿ ಮೇಲೇಳುವ ಬೂಟು. ಯಂತ್ರ ಓಡಿಸಿ ಹಿಮದಲ್ಲಿ ರೈಲು ಹಳಿ ಥರ ಎರಡು ಗಾಡಿ ಹಾದಿ ಕೊರೆದಿರುತ್ತಾರೆ, ಅದರೊಳಗೆ ಒಂದು ಕಾಲು ಒದ್ದು ಇನ್ನೊಂದು ಕಾಲಲ್ಲಿ ಜಾರೋದು. ಇದಕ್ಕೆ ಕ್ಲಾಸಿಕ್ ಅಂತಾರೆ. ಐಸ್ ಸ್ಕೇಟಿಂಗ್ ಥರ ಕಾಲನ್ನು ಓರೆಯಾಗಿ ಆಚೆ ತಳ್ಳುತ್ತಾ ಹೋದರೆ ಅದು ಸ್ಕೇಟಿಂಗ್ ಶೈಲಿ. ಎರಡರಲ್ಲೂ ಪೋಲ್ ಅನ್ನೋದು ಊರುಗೋಲಲ್ಲ. ದೋಣಿಗೆ ಹುಟ್ಟು ಇದ್ದ ಹಾಗೆ, ಹಿಂದಕ್ಕೆ ತಳ್ಳಿ ಮುಂದಕ್ಕೆ ಹೋಗೋ ಸಾಧನ. ಹುಟ್ಟು ಕೈಗಿಂತ ದೊಡ್ಡದಾದರೆ ದೋಣಿ ಏನಾಗುತ್ತೆ ಅಂತ ನೀವೇ ಊಹಿಸಿ.

ಉದ್ದ ಪೋಲು ಮಗುವಿಗೆ ಏನು ಮಾಡುತ್ತೆ ಅಂತ ಅವತ್ತು ಅರ್ಧ ಗಂಟೆ ಕಣ್ಣಾರೆ ನೋಡಿದ್ದೆ, ಅರ್ಥ ಆಗಿರಲಿಲ್ಲ ಅಷ್ಟೇ. ಪೋಲನ್ನು ಎತ್ತಿ ಊರಬೇಕಾದರೆ ಪ್ರತಿ ಸಲ ಹೆಗಲು ಕಿವಿತನಕ ಎತ್ತಬೇಕು. ಮೊಣಕೈ ಹೊರಕ್ಕೆ ಚಾಚುತ್ತೆ, ಕೋಳಿ ರೆಕ್ಕೆ ಬಿಚ್ಚಿದ ಹಾಗೆ. ಪೋಲಿನ ತುದಿ ಪಾದದ ಪಕ್ಕ ಬೀಳೋ ಬದಲು ಮುಂದೆ ಬೀಳುತ್ತೆ. ಮುಂದೆ ಬಿದ್ದ ಪೋಲು ತಳ್ಳೋದಿಲ್ಲ, ತಡೆಯುತ್ತೆ. ಮಗು ತನ್ನ ಪೋಲಿಗೆ ತಾನೇ ಡಿಕ್ಕಿ ಹೊಡೀತದೆ. ಐದು ನಿಮಿಷಕ್ಕೆ ಭುಜ ಸೋಲುತ್ತೆ, ಹತ್ತು ನಿಮಿಷಕ್ಕೆ ಮನಸ್ಸು. ಗಿಡ್ಡ ಪೋಲಾದರೆ ಬೆನ್ನು ಸ್ವಲ್ಪ ಬಗ್ಗುತ್ತೆ, ತಳ್ಳೋ ಬಲ ಕಡಿಮೆ ಆಗುತ್ತೆ. ಅಷ್ಟೇ, ಮಗು ಅದನ್ನು ಹೇಗೋ ಸಂಭಾಳಿಸುತ್ತೆ. ಹಾಗಾಗಿ ಮಕ್ಕಳ ವಿಷಯದಲ್ಲಿ ಎರಡು ಅಳತೆ ಮಧ್ಯೆ ಸಿಕ್ಕಿಕೊಂಡರೆ ಯಾವಾಗಲೂ ಸಣ್ಣದನ್ನೇ ಆರಿಸಿ. ಇದು ನಮ್ಮ ಕಡೆಯ ಬುದ್ಧಿಗೆ ಪೂರ್ತಿ ಉಲ್ಟಾ, ನನಗೆ ಗೊತ್ತು.

ಆ ಸಂಜೆ ಮಗಳು ಮಲಗಿದ ಮೇಲೆ ಲೆಕ್ಕಕ್ಕೆ ಕುಂತೆ. ಅವಳ ಎತ್ತರ 112. ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್ ಕ್ಲಾಸಿಕ್ ರೇಸುಗಳಿಗೆ ಒಂದು ಮಿತಿ ಇಟ್ಟಿದೆ: ಪೋಲು ಸ್ಪರ್ಧಿಯ ಎತ್ತರದ ಶೇಕಡಾ 83ಕ್ಕಿಂತ ಉದ್ದ ಇರಬಾರದು. 2016-17ರ ಸೀಸನ್‌ನಿಂದ ಜಾರಿಗೆ ಬಂದ ನಿಯಮ. ಬಲಿಷ್ಠ ಸ್ಪರ್ಧಿಗಳು ಕಾಲು ಒದೆಯೋದನ್ನೇ ಬಿಟ್ಟು ಉದ್ದ ಪೋಲುಗಳಿಂದ ಬರೀ ತೋಳ್ಬಲದ ಮೇಲೆ ಪೂರ್ತಿ ರೇಸ್ ಮುಗಿಸೋಕೆ ಶುರು ಮಾಡಿದ್ದರು, ಹೀಗೇ ಬಿಟ್ಟರೆ ಕ್ಲಾಸಿಕ್ ಶೈಲಿಯೇ ಸತ್ತುಹೋಗುತ್ತೆ ಅಂತ ಈ ಕಟ್ಟು. ಮಕ್ಕಳಿಗೂ ನಮ್ಮಂಥ ಹವ್ಯಾಸಿಗಳಿಗೂ ಈ ನಿಯಮ ಲಾಗೂ ಆಗಲ್ಲ, ಆದರೆ ಲೆಕ್ಕಕ್ಕೆ ಒಳ್ಳೆ ಆಧಾರ. 112ರ ಶೇಕಡಾ 83 ಅಂದರೆ 93. ಹೊಸದಾಗಿ ಕಲಿಯೋ ಮಗು, ಆದ್ದರಿಂದ 90. ನಾನು ಕೊಡಿಸಿದ್ದು 105, ಅಂದರೆ ಅವಳ ಎತ್ತರದ ಶೇಕಡಾ 94. ಸ್ಕೇಟಿಂಗ್ ಶೈಲಿಗೆ ಉದ್ದ ಪೋಲು ಬೇಕು, ಅಲ್ಲಿಯೂ ಸಾಮಾನ್ಯವಾಗಿ ಶೇಕಡಾ 90ರ ಆಸುಪಾಸು ಇಡ್ತಾರೆ. ನಾನು ಅದನ್ನೂ ದಾಟಿದ್ದೆ! ಆಫೀಸಿನಲ್ಲಿ ಯಾರಾದರೂ ಟೆಸ್ಟ್ ಮಾಡದೆ ಇಂಥ ಕೋಡ್ ಹಾಕಿದ್ದರೆ ರಿವ್ಯೂನಲ್ಲಿ ನಾನೇ ಬೈದು ವಾಪಸ್ ಕಳಿಸ್ತಿದ್ದೆ.

ಲೆಕ್ಕ ಬೇಡ ಅನ್ನೋರಿಗೆ ಕೈಯಳತೆ ಇದೆ. ಮಗುವಿಗೆ ಸ್ಕೀ ಬೂಟು ಹಾಕಿಸಿ, ಸ್ಕೀ ಬೇಡ. ಗಟ್ಟಿ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಪೋಲಿನ ತುದಿಯನ್ನು ಪಾದದ ಪಕ್ಕ ಇಡಿ. ಕ್ಲಾಸಿಕ್‌ಗೆ ಮಕ್ಕಳ ಪೋಲು ಕಂಕುಳಿಗೆ ಬಂದು ನಿಲ್ಲಬೇಕು, ಹೆಚ್ಚೆಂದರೆ ಭುಜದ ಕೆಳಗೆ. ಸ್ಕೇಟಿಂಗ್‌ಗಾದರೆ ಗದ್ದದ ಮಟ್ಟ. ಪುಟ್ಟ ಮಕ್ಕಳಿಗೆ ಎರಡೆರಡು ಜೊತೆ ಕೊಡಿಸೋ ಹುಚ್ಚು ಬೇಡ, ಎಂಟೊಂಬತ್ತು ವರ್ಷದವರೆಗೂ ಕ್ಲಾಸಿಕ್ ಅಳತೆಯ ಒಂದೇ ಜೊತೆ ಸಾಕು ಅನ್ನೋದು ನನ್ನ ಅಭಿಪ್ರಾಯ. ಇನ್ನೊಂದು ಸೂಕ್ಷ್ಮ: ರೇಸಿನಲ್ಲಿ ಪೋಲನ್ನು ಅಳೆಯೋದು ಹಿಡಿಯ ತಲೆವರೆಗಲ್ಲ, ಕೈಪಟ್ಟಿ ಪೋಲಿನಿಂದ ಹೊರಬರೋ ಜಾಗದವರೆಗೆ. ಕೈ ಬಲ ಹಾಕೋದು ಅಲ್ಲೇ. ಒಂದೊಂದು ಕಂಪನಿ ಹಿಡಿಯನ್ನು ಒಂದೊಂದು ಥರ ಮಾಡೋದರಿಂದ ಎರಡು ಕಂಪನಿಯ 90ಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ತಲೆ ಸಮ ಬರದೇ ಇರಬಹುದು. ಗಾಬರಿ ಬೇಡ, ಪಟ್ಟಿ ನೋಡಿ.

ಮಾರನೇ ದಿನ ಊರಿಗೆ ಫೋನ್ ಮಾಡಿದಾಗ ಅಪ್ಪ ಸಿಕ್ಕರು. ನಿನ್ನೆಯ ವಿಡಿಯೋ ಮೊದಲೇ ವಾಟ್ಸಾಪ್‌ನಲ್ಲಿ ಹೋಗಿತ್ತು. ಅಪ್ಪ ಹಿಮ ನೋಡಿದವರಲ್ಲ, ಸ್ಕೀ ನೋಡಿದವರಲ್ಲ. ಹುಟ್ಟಿದಾರಭ್ಯ ಜೋಳ, ಹತ್ತಿ, ಈಗೀಗ ಕಬ್ಬು. ವಿಡಿಯೋ ನೋಡಿ ಅವರು ಕೇಳಿದ ಮೊದಲ ಮಾತು: "ಆ ಬಡಿಗಿ ಆಕಿಗಿ ಉದ್ದ ಆಗ್ಯಾವ ಅಲ್ಲವಾ? ಕಾವು ಉದ್ದ ಆದ್ರ ಹೆಗಲ ಹಿಡಿತೈತಿ."

ಕಾವು ಅಂದರೆ ಸಲಿಕೆ, ಗುದ್ದಲಿಗೆ ಹಾಕೋ ಹಿಡಿ. ನಮ್ಮನೆಯಲ್ಲಿ ಸಲಿಕೆಗೆ ಕಾವು ಹಾಕಿಸೋಕೆ ಬಡಿಗೇರರ ಮನೆಗೆ ಹೋಗುವಾಗ ಸಲಿಕೆಯ ಜೊತೆ ಅದನ್ನು ಹಿಡಿಯೋ ಆಳೂ ಹೋಗ್ತಿದ್ದ. ಬಡಿಗೇರ ಕಟ್ಟಿಗೆಯನ್ನು ಆ ಮನುಷ್ಯನ ಪಕ್ಕ ನಿಲ್ಲಿಸಿ, ಎದೆಮಟ್ಟ ನೋಡಿ, ಉಳಿಯಲ್ಲಿ ಗುರುತು ಹಾಕ್ತಿದ್ದ. ನಾನು ಚಿಕ್ಕವಳಿದ್ದಾಗ ಹಠ ಮಾಡಿ ನನಗೂ ಒಂದು ಪುಟ್ಟ ಸಲಿಕೆಗೆ ಕಾವು ಹಾಕಿಸಿಕೊಂಡಿದ್ದೆ. ಮೂವತ್ತು ವರ್ಷದ ಎದುರಿಗೆ ನಡೆದ ಸಂಗತಿ ಕಣ್ಣಿಗೆ ಬೀಳಲಿಲ್ಲ, ನಾನು ಗೂಗಲ್‌ನಲ್ಲಿ ಹುಡುಕ್ತಿದ್ದೆ.

ಅಪ್ಪನ ಮಾತು ಕೇಳಿ ಇನ್ನೊಂದು ಹಳೇದೂ ನೆನಪಾಯ್ತು. ಬೈಲಹೊಂಗಲದಲ್ಲಿ ಕಿತ್ತೂರು ಚನ್ನಮ್ಮನ ಸಮಾಧಿ ಇದೆ. ನಮ್ಮೂರಲ್ಲಿ ಹುಟ್ಟಿದ ಹೆಣ್ಣುಮಗಳು ಶಾಲೆಯಲ್ಲಿ ಒಮ್ಮೆಯಾದರೂ ಚನ್ನಮ್ಮ ಆಗಲೇಬೇಕು. ನನ್ನ ಪಾಳಿ ಬಂದಿದ್ದು ಎರಡನೇ ಕ್ಲಾಸಿನಲ್ಲಿ. ಇಳಕಲ್ ಸೀರೆ ಕಚ್ಚೆ ಹಾಕಿ ಉಡಿಸಿ, ಕೈಗೆ ಬೆಳ್ಳಿ ಕಾಗದ ಸುತ್ತಿದ ಕಟ್ಟಿಗೆಯ ಕತ್ತಿ ಕೊಟ್ಟರು. ಅದು ಹೈಸ್ಕೂಲಿನ ಅಕ್ಕಂದಿರ ನಾಟಕದ ಕತ್ತಿ. ಸ್ಟೇಜ್ ಮೇಲೆ ಎತ್ತಿ ಹಿಡಿದು "ನಿಮಗೇಕೆ ಕೊಡಬೇಕು ಕಪ್ಪ" ಅಂತ ಗುಡುಗಬೇಕು. ನನಗೆ ಎತ್ತೋಕೇ ಆಗಲಿಲ್ಲ. ತುದಿ ಹಲಗೆ ಮೇಲೆ ಕರ್ ಅಂತ ಎಳೀತಾ ಹೋಯ್ತು, ಎತ್ತಿದಾಗ ಪಕ್ಕದಲ್ಲಿದ್ದ ರಾಯಣ್ಣನ ಪೇಟ ಬಿತ್ತು. ಜನ ಬಿದ್ದು ಬಿದ್ದು ನಕ್ಕರು. "ಗಿಡ್ಡಿ ಚನ್ನವ್ವ" ಅನ್ನೋ ಹೆಸರು ಹತ್ತನೇ ಕ್ಲಾಸಿನವರೆಗೂ ಬಂತು. ಆವಾಗ ಯಾರೂ, ನಾನೂ ಸಹ, ಕತ್ತಿ ದೊಡ್ಡದಾಯ್ತು ಅಂತ ಅಂದುಕೊಳ್ಳಲಿಲ್ಲ. ಹುಡುಗಿ ಸಣ್ಣದಾಯ್ತು ಅಂದುಕೊಂಡರು. ಮಗಳು ಹಿಮದಲ್ಲಿ ಕುಂತು ನನ್ ಕೈ ಸರಿ ಇಲ್ಲ ಅಂದಾಗ ನನಗೆ ಹೊಟ್ಟೆಯೊಳಗೆ ಯಾಕೆ ಹಾಗಾಯ್ತು ಅಂತ ಅಪ್ಪನ ಫೋನ್ ಇಟ್ಟ ಮೇಲೆ ತಿಳೀತು.

ಇದಕ್ಕೆ ಇನ್ನೊಂದು ಪದರವೂ ಇದೆ. ಇಲ್ಲಿನವರು ತಮ್ಮ ಬಗ್ಗೆ ಹೇಳಿಕೊಳ್ಳೋ ಮಾತು, ನಾರ್ವೇಜಿಯನ್ನರು ಹುಟ್ಟುವಾಗಲೇ ಕಾಲಿಗೆ ಸ್ಕೀ ಕಟ್ಟಿಕೊಂಡು ಹುಟ್ತಾರೆ ಅಂತ. ತಮಾಷೆ ಮಾತು, ಆದರೆ ವಲಸೆ ಬಂದವರ ಮಗು ಹಿಮದಲ್ಲಿ ಎಡವಿದಾಗ ಅದು ಬೇರೆ ಥರ ಕೇಳಿಸುತ್ತೆ. "ನಮ್ಮ ಮಕ್ಕಳಿಗೆ ಇದೆಲ್ಲ ಆಗಿಬರಲ್ಲ ಬಿಡು" ಅಂತ ಇಲ್ಲಿನ ಕನ್ನಡದ ಗೆಳತಿಯರೇ ಎಷ್ಟೋ ಜನ ಹೇಳಿದ್ದಾರೆ. ಆಗ ನಾನು ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ತೆಗೀತೀನಿ. ಹಿಮ ಬೀಳದ ಕರ್ನಾಟಕದ ಹೆಣ್ಣುಮಗಳು, ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಇದೇ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ಚಿಲಿ ದೇಶದಲ್ಲಿ 5 ಕಿ.ಮೀ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಕಾಫಿ ತೋಟದ ಜಿಲ್ಲೆಯಿಂದ ಹೋದವರಿಗೆ ಆಗಿಬಂದಿದ್ದು ನಮ್ಮ ಮಕ್ಕಳಿಗೆ ಯಾಕೆ ಆಗಿಬರಲ್ಲ?

ಸೋಮವಾರ ಮಗಳ ಟೀಚರ್ ಹತ್ತಿರ ಮಾತಾಡಿದೆ. ಅವರು ನಕ್ಕು, ಮುಂದಿನ ಸ್ಕೀ ದಿನ ನೀವೂ ಬನ್ನಿ ಅಂದರು. ಹೋದೆ. ಮಕ್ಕಳೆಲ್ಲ ಬಂದ ಕೂಡಲೇ ಅವರು ಮಾಡಿದ ಮೊದಲ ಕೆಲಸ, ಎಲ್ಲರ ಪೋಲುಗಳನ್ನೂ ಇಸಿದುಕೊಂಡು ಒಂದು ಮರಕ್ಕೆ ಆನಿಸಿ ಇಟ್ಟಿದ್ದು. ಪೋಲಿಲ್ಲದೆ ಮುಟ್ಟಾಟ, ಪೋಲಿಲ್ಲದೆ ಇಳಿಜಾರು, ಪೋಲಿಲ್ಲದೆ ರೈಲಾಟ. ಮೊದಲು ಕಾಲು ಕಲೀಲಿ, ಕೈ ಆಮೇಲೆ ತಾನಾಗಿ ಕಲಿಯುತ್ತೆ ಅನ್ನೋದು ಅವರ ವಾದ. ಕೈಯಲ್ಲಿ ಪೋಲಿದ್ದರೆ ಮಗು ಅದರ ಮೇಲೆ ಭಾರ ಬಿಡುತ್ತೆ, ಬ್ಯಾಲೆನ್ಸ್ ಕಲಿಯಲ್ಲ. ಮೂರು, ನಾಲ್ಕು ವರ್ಷದವರಿಗಂತೂ ಪೋಲು ಕೊಡಲೇಬೇಡಿ ಅಂದರು. ಮನೇಲಿ ಅಂಥ ಮಗು ಇದ್ದರೆ ಈ ಅಂಕಣದ ಉಳಿದ ಭಾಗ ನಿಮಗೆ ಬೇಕಾಗಿಲ್ಲ, ಸ್ಕೀ ಮತ್ತು ಬೂಟು ಅಷ್ಟೇ ಕೊಡಿಸಿ.

ಇತಿಹಾಸ ನೋಡಿದರೂ ಎರಡು ಪೋಲು ಅನ್ನೋದು ಹೊಸ ಸಂಗತಿಯೇ. ಹತ್ತೊಂಬತ್ತನೇ ಶತಮಾನದ ಕೊನೆಯವರೆಗೂ ಇಲ್ಲಿನವರು ಒಂದೇ ಒಂದು ಉದ್ದನೆ ಕೋಲು ಹಿಡಿದು ಸ್ಕೀ ಮಾಡ್ತಿದ್ದರು. ಎರಡು ಬಂದ ಮೇಲೂ ಬಹಳ ಕಾಲ ಅವು ಬಿದಿರಿನವು, ತುದಿಗೆ ಬೆತ್ತ ಮತ್ತು ಚರ್ಮದ ಚಕ್ರ. ಹೋಲ್ಮೆನ್‌ಕೋಲೆನ್‌ನ ಸ್ಕೀ ಮ್ಯೂಸಿಯಂನಲ್ಲಿ ಹಳೇ ಸಾಮಾನೆಲ್ಲ ಜೋಡಿಸಿಟ್ಟಿದ್ದಾರೆ. ಮಗಳಿಗೆ ತೋರಿಸಿ "ನೋಡು, ಅಜ್ಜನ ಬಡಿಗಿ ಇಲ್ಲೂ ಐತಿ" ಅಂದೆ.

ಆಮೇಲೆ ಸರಿಯಾದ ಪೋಲು. ಮತ್ತೆ ಹೊಸದು ಕೊಳ್ಳೋಕೆ ಮನಸ್ಸಾಗಲಿಲ್ಲ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೀತಾರೆ, ಮಕ್ಕಳ ಪೋಲುಗಳೂ ಸಾಮಾನ್ಯವಾಗಿ ಐದೈದು ಸೆಂಟಿಮೀಟರ್ ಅಂತರದಲ್ಲಿ ಬರ್ತಾವೆ. ಅಂದರೆ ಹೆಚ್ಚುಕಡಿಮೆ ಪ್ರತಿ ಚಳಿಗಾಲಕ್ಕೆ ಒಂದು ಸೈಜ್. ಇದನ್ನು ಹೊಸದಾಗಿ ಕೊಳ್ತಾ ಕೂರೋದು ದಂಡ. ನಾರ್ವೆಯಲ್ಲಿ ಬೂವಾ ಅಂತ ಒಂದು ವ್ಯವಸ್ಥೆ ಇದೆ, ಲೈಬ್ರರಿಯಿಂದ ಪುಸ್ತಕ ತಂದ ಹಾಗೆ ಆಟದ ಸಾಮಾನು ಪುಕ್ಕಟೆ ತಂದು ಬಳಸಿ ವಾಪಸ್ ಕೊಡಬಹುದು. ಅಲ್ಲಿಂದ 90ರದ್ದೊಂದು ಜೊತೆ ತಂದು ನೋಡಿದೆವು. ಅದೇ ಸರಿ ಅಂತ ಗೊತ್ತಾದ ಮೇಲೆ ಮಗಳ ಶಾಲೆಯ ಬ್ಯಾಂಡ್‌ನವರು ದುಡ್ಡು ಎತ್ತೋಕೆ ನಡೆಸೋ ಹಳೇ ಸಾಮಾನಿನ ಸಂತೆಯಲ್ಲಿ ಅದೇ ಅಳತೆಯದ್ದು ಸಿಕ್ಕಿತು. ಎರಡು ಕಾಫಿ ದುಡ್ಡು. ಯಾರೋ ಹುಡುಗನ ಹೆಸರು ಗೀಚಿ, ಅದರ ಮೇಲೆ ಇನ್ನೊಬ್ಬಳ ಹೆಸರು ಅಂಟಿಸಿದ್ದ ಪೋಲು, ಈಗ ಮೂರನೇ ಹೆಸರು ನಮ್ಮದು. ಉದ್ದ ಬದಲಾಯಿಸಬಹುದಾದ ಮಕ್ಕಳ ಪೋಲುಗಳೂ ಸಿಗ್ತಾವೆ, ಎರಡು ಮಕ್ಕಳಿರೋ ಮನೆಗೆ ಅನುಕೂಲ. ಆದರೆ ಲಾಕ್ ಗಟ್ಟಿಯಾಗಿದೆಯಾ ಅಂತ ಭಾರ ಹಾಕಿ ನೋಡಿ ತಗೊಳ್ಳಿ, ಮಧ್ಯ ದಾರಿಯಲ್ಲಿ ಒಳಗೆ ಸರಿದರೆ ಮಗು ಮುಖದ ಮೇಲೆ ಬೀಳುತ್ತೆ.

ಉದ್ದ ಒಂದೇ ಅಲ್ಲ, ಕೈಪಟ್ಟಿಯೂ ಮುಖ್ಯ. ಬಹಳ ಜನ ಇಲ್ಲೇ ಎಡವೋದು. ದೊಡ್ಡವರ ಒಳ್ಳೆ ಪೋಲುಗಳಲ್ಲಿ ಪಟ್ಟಿ ಅಂದರೆ ಅರ್ಧ ಕೈಗವಸಿನ ಥರ, ಹೆಬ್ಬೆರಳಿಗೆ ತೂತು, ಎಡ ಬಲ ಅಂತ ಗುರುತು. ಕೈ ಕೆಳಗಿನಿಂದ ಮೇಲಕ್ಕೆ ತೂರಿಸಿ ಪಟ್ಟಿಯನ್ನು ಬಿಗಿ ಮಾಡಬೇಕು. ಹೀಗೆ ಹಾಕಿಕೊಂಡರೆ ಪೋಲನ್ನು ಬಿಗಿಯಾಗಿ ಹಿಡಿಯೋ ಅಗತ್ಯವೇ ಇಲ್ಲ, ತಳ್ಳಿದ ಮೇಲೆ ಬೆರಳು ಬಿಚ್ಚಿದರೂ ಪೋಲು ಮಣಿಕಟ್ಟಿಗೆ ನೇತಾಡಿಕೊಂಡು ವಾಪಸ್ ಬರುತ್ತೆ. ಪುಟ್ಟ ಮಕ್ಕಳಿಗೆ ಇಷ್ಟೆಲ್ಲ ಕಟ್ಟಿದರೆ ಮೂಗು ಒರೆಸಿಕೊಳ್ಳೋಕೂ ಅಮ್ಮನನ್ನು ಕರೀಬೇಕು. ಅವರಿಗೆ ಸಾದಾ ಕುಣಿಕೆಯೇ ಚೆನ್ನ. ಏನೇ ಇರಲಿ, ಅಂಗಡಿಗೆ ಹೋಗುವಾಗ ದಪ್ಪ ಉಣ್ಣೆಯ ಕೈಗವಸು ಜೊತೆಗೆ ಒಯ್ಯಿರಿ. ಬರಿಗೈಯಲ್ಲಿ ಹಾಕಿ ನೋಡಿ ಸರಿ ಇದೆ ಅಂತ ತಂದರೆ ಹಿಮದಲ್ಲಿ ಕೈ ಒಳಗೇ ಹೋಗಲ್ಲ. ಹಿಡಿಯ ದಪ್ಪವೂ ಹಾಗೇ, ಮಗುವಿನ ಬೆರಳು ಸುತ್ತಿ ಬರಬೇಕು.

ಮಕ್ಕಳ ಪೋಲಿಗೆ ಕಾರ್ಬನ್ ಬೇಡ. ಹಗುರ ಹೌದು, ಆದರೆ ಉದ್ದುದ್ದ ಬಲಕ್ಕೆ ತಡೆಯೋ ಕಾರ್ಬನ್ ಪಕ್ಕದಿಂದ ಬಿದ್ದ ಏಟಿಗೆ ಟಪ್ ಅಂತ ಮುರಿಯುತ್ತೆ, ಮಕ್ಕಳು ಪೋಲುಗಳಲ್ಲಿ ಕತ್ತಿವರಸೆ ಆಡದೆ ಇರಲ್ಲ. ಗ್ಲಾಸ್ ಫೈಬರ್ ಬಾಗಿ ಎದ್ದುಕೊಳ್ಳುತ್ತೆ, ಅಲ್ಯೂಮಿನಿಯಂ ಬಾಗಿದರೆ ಮೊಣಕಾಲಿಗೆ ಕೊಟ್ಟು ನೆಟ್ಟಗೆ ಮಾಡಬಹುದು (ಒಂದೆರಡು ಸಲ ಅಷ್ಟೇ, ಮೂರನೇ ಸಲ ಅದೂ ಮುರಿಯುತ್ತೆ). ತುದಿಯ ಚಕ್ರ ದೊಡ್ಡದಿರಲಿ, ರೇಸಿನವರ ಹಾಗೆ ಅರ್ಧಚಂದ್ರದ ಪುಟ್ಟ ಚಕ್ರ ಇದ್ದರೆ ಹೊಸ ಹಿಮದಲ್ಲಿ ಪೋಲು ಮೊಣಕೈತನಕ ಮುಳುಗುತ್ತೆ. ಮೊನೆ ತೀರಾ ಚೂಪಿಲ್ಲದಿದ್ದರೆ ಪುಟ್ಟವರಿಗೆ, ಅವರ ಅಕ್ಕಪಕ್ಕದವರ ಕಣ್ಣಿಗೆ, ಕ್ಷೇಮ.

ಈಗ ಗಿಡ್ಡಿ ಚನ್ನವ್ವನ ಪೋಲಿಗೆ ಬರೋಣ. ನಾನು 152 ಸೆಂಟಿಮೀಟರ್, ಐದಡಿಗೆ ಒಂದು ಕೂದಲು ಕಮ್ಮಿ. ನಮ್ಮನೆಯವರು 178. ಮೊದಲ ಎರಡು ಚಳಿಗಾಲ ಅವರು "ನನ್ನ ಹಳೇವು ಅದಾವಲ್ಲ" ಅಂತ ಕೊಟ್ಟ 145ರ ಪೋಲುಗಳಲ್ಲೇ ಒದ್ದಾಡಿ, ಈ ಆಟ ನನಗೆ ಒಗ್ಗಲ್ಲ ಅಂತ ತೀರ್ಮಾನಿಸಿದ್ದೆ. ಮಗಳ ಲೆಕ್ಕ ಹಾಕಿದ ರಾತ್ರಿಯೇ ನನ್ನದೂ ಹಾಕಿದೆ. 152ರ ಶೇಕಡಾ 83 ಅಂದರೆ 126. ನನಗೆ ಬೇಕಿದ್ದದ್ದು 125, ಇಪ್ಪತ್ತು ಸೆಂಟಿಮೀಟರ್ ಗಿಡ್ಡದು! ಅಂಗಡಿಗೆ ಹೋದರೆ ದೊಡ್ಡವರ ಸಾಲು 135ರಿಂದ ಶುರು. 125 ಬೇಕು ಅಂದಿದ್ದಕ್ಕೆ ಮಕ್ಕಳ ವಿಭಾಗ ತೋರಿಸಿದರು. ಅಲ್ಲಿ ಗುಲಾಬಿ ಬಣ್ಣದ, ಮಂಜಿನ ನಕ್ಷತ್ರದ ಚಿತ್ರ ಇರೋ 125 ಇತ್ತು. ಚಿತ್ರಕ್ಕೆ ನನ್ನ ತಕರಾರಿಲ್ಲ. ಆದರೆ ನನ್ನ ಕೈಗವಸು ಆ ಕುಣಿಕೆಯಲ್ಲಿ ಹೋಗಲಿಲ್ಲ, ಐವತ್ತನಾಲ್ಕು ಕೆಜಿ ಭಾರ ಹಾಕಿದರೆ ಪೋಲು ಬಿಲ್ಲಿನ ಹಾಗೆ ಬಾಗಿತು. ಬಾಗಿದ ಪೋಲು ಬಲವನ್ನು ತಾನೇ ತಿಂದುಬಿಡುತ್ತೆ. ಎತ್ತರ ಮಗುವಿನದ್ದಾದರೂ ಭಾರ ದೊಡ್ಡವರದ್ದು, ಇದನ್ನು ಗಿಡ್ಡ ಇರೋ ನಾವೇ ಅಂಗಡಿಯವರಿಗೆ ಹೇಳಬೇಕು.

ದಾರಿ ಏನೆಂದರೆ ದೊಡ್ಡವರ ಪೋಲು ತಂದು ಕತ್ತರಿಸೋದು. ಕೇಳೋಕೆ ಭಯ, ಮಾಡೋಕೆ ಸುಲಭ. ಬಹಳಷ್ಟು ಪೋಲುಗಳ ಹಿಡಿಯನ್ನು ಬಿಸಿಗೆ ಕರಗೋ ಅಂಟಿನಿಂದ ಕೂರಿಸಿರುತ್ತಾರೆ. ಪಟ್ಟಿ ಬಿಚ್ಚಿ, ಹಿಡಿಯನ್ನು ಕುದಿಯೋ ನೀರಿನಲ್ಲಿ ಕೆಲವು ನಿಮಿಷ ಅದ್ದಿ, ದಪ್ಪ ಬಟ್ಟೆ ಸುತ್ತಿ ತಿರುಗಿಸಿ ಎಳೆದರೆ ಬಂತು. ಎಷ್ಟು ಕಮ್ಮಿ ಆಗಬೇಕೋ ಅಷ್ಟು ಮೇಲ್ತುದಿಯಿಂದ ಗುರುತು ಹಾಕಿ, ಗುರುತಿನ ಸುತ್ತ ಟೇಪ್ ಸುತ್ತಿ, ಸಣ್ಣ ಹಲ್ಲಿನ ಹ್ಯಾಕ್ಸಾದಲ್ಲಿ ನಿಧಾನಕ್ಕೆ ಕೊಯ್ಯಬೇಕು. ಫೈಬರ್ ಪುಡಿ ಪುಪ್ಪುಸಕ್ಕೆ ಒಳ್ಳೇದಲ್ಲ, ಮಾಸ್ಕ್ ಹಾಕಿ, ನೀರು ಸವರಿಕೊಂಡು ಕೊಯ್ಯಿರಿ, ಮಕ್ಕಳನ್ನು ದೂರ ಇಡಿ. ಮತ್ತೆ ಅಂಟು ಕರಗಿಸಿ ಹಚ್ಚಿ ಹಿಡಿ ಕೂರಿಸೋದು. ಕೂರಿಸುವಾಗ ತುದಿಯ ಚಕ್ರ ಯಾವ ಕಡೆ ಮುಖ ಮಾಡಿದೆ ನೋಡಿ, ಹಿಡಿಯ ಮುಖವೂ ಅದಕ್ಕೆ ನೇರ ಇರಬೇಕು. ನಾನು ಮೊದಲನೇದನ್ನು ಕಾಲು ಸುತ್ತು ಓರೆ ಕೂರಿಸಿ, ಮತ್ತೆ ಪಾತ್ರೆಗೆ ನೀರಿಟ್ಟೆ. ನಮ್ಮನೆಯವರು ಬಂದು ನೋಡಿ, ಚಾ ಪಾತ್ರೆಯಲ್ಲಿ ಸ್ಕೀ ಪೋಲು ಕುದೀತಿರೋದನ್ನು ಕಂಡು, ಏನೂ ಕೇಳದೆ ವಾಪಸ್ ಹೋದರು.

ಹಾಗಾದರೆ ಮಗಳ 105ನ್ನೂ ಕೊಯ್ಯಬಹುದಿತ್ತಲ್ಲ ಅಂತೀರೇನೋ. ಕೊಯ್ಯಬಹುದಿತ್ತು. ಆದರೆ ನಾನಿನ್ನು ಬೆಳೆಯಲ್ಲ, ಅವಳು ಬೆಳೀತಾಳೆ. ಕೊಯ್ದಿದ್ದನ್ನು ಮತ್ತೆ ಉದ್ದ ಮಾಡೋಕೆ ಬರಲ್ಲ.

ರಜೆಗೆ ಗುಲ್ಮಾರ್ಗ್‌ಗೋ ಔಲಿಗೋ ಮಕ್ಕಳನ್ನು ಕರೆದುಕೊಂಡು ಹೋಗೋರು ಒಂದು ವಿಷಯ ಗಮನದಲ್ಲಿಡಿ. ಅಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಸಿಗೋದು ಹೆಚ್ಚಾಗಿ ಆಲ್ಪೈನ್ ಸಾಮಾನು, ಅದರ ಅಳತೆ ಬೇರೆ, ಇನ್ನೂ ಗಿಡ್ಡ. ಪೋಲನ್ನು ತಲೆಕೆಳಗು ಮಾಡಿ ನೆಲಕ್ಕೆ ಊರಿ, ಚಕ್ರದ ಕೆಳಗೆ ಮುಷ್ಟಿ ಹಿಡಿದಾಗ ಮೊಣಕೈ ಸರಿಯಾಗಿ ಎಲ್ ಆಕಾರಕ್ಕೆ ಬಂದರೆ ಅದೇ ಅಳತೆ. ಬಾಡಿಗೆಯವರು ಕೈಗೆ ಸಿಕ್ಕಿದ್ದು ಕೊಟ್ಟರೆ ಬದಲಾಯಿಸಿ ಅಂತ ಕೇಳಿ, ಸಂಕೋಚ ಬೇಡ.

ಫೆಬ್ರವರಿಯ ಎರಡನೇ ವಾರ ಮತ್ತೆ ಸೊಂಗ್ಸ್‌ವಾನ್‌ಗೆ ಹೋದೆವು. ಪವಾಡವೇನೂ ನಡೀಲಿಲ್ಲ. ಮಗಳು ಆರೇಳು ಸಲ ಬಿದ್ದಳು. ಕೆರೆಯ ಸುತ್ತು ಮೂರು ಕಿಲೋಮೀಟರಿಗೆ ಚೂರು ಹೆಚ್ಚು, ಅದರಲ್ಲಿ ಅರ್ಧಕ್ಕೇ ಸುಸ್ತಾಗಿ ದಾಲ್ಚಿನ್ನಿ ಬನ್ ಬೇಕು ಅಂದಳು. ಆದರೆ ಬಿದ್ದಾಗೆಲ್ಲ ಬೈದದ್ದು ಹಿಮಕ್ಕೆ, ಅಪ್ಪನಿಗೆ, ಒಮ್ಮೆ ದಾರಿಗೆ ಅಡ್ಡ ಬಂದ ನಾಯಿಗೆ. ಕೈ ಬಗ್ಗೆ ಮಾತೇ ಬರಲಿಲ್ಲ. ಒಂದು ಏರು ಹತ್ತುವಾಗ ಹಿಂದಿನಿಂದ ನೋಡಿದೆ, ಮೊಣಕೈ ಮೈಗೆ ಅಂಟಿಕೊಂಡೇ ಇತ್ತು, ಪೋಲು ಪಾದದ ಪಕ್ಕದಲ್ಲೇ ಊರ್ತಿತ್ತು. ನನಗಿಂತ ಚೆನ್ನಾಗಿತ್ತು, ನಿಜ ಹೇಳಬೇಕಂದರೆ.

ಆ 105ರ ಜೊತೆ ಕೆಳಗಿನ ಗೋದಾಮಿನಲ್ಲಿ, ಟೇಪಿನ ಮೇಲೆ "ಎತ್ತರ 125 ಆದಾಗ" ಅಂತ ಬರೆದು ಇಟ್ಟಿದ್ದೇನೆ. ಸಂಜೆ ಅವ್ವನಿಗೆ ಹೇಳಿದೆ. "ಹಂಗಾರ ನಾ ಹೇಳಿದ್ದ ಖರೇ ಆತಲ್ಲ, ಮುಂದಕ್ಕ ಬರ್ತಾವ" ಅಂದಳು. ಆಮೇಲೆ ಮೊಮ್ಮಗಳ ಕಾಲು ನೋಡಿ, "ಬೂಟರೇ ಒಂದ್ ಸೈಜ್ ದೊಡ್ಡದ ತಗೊಂಡೀಯಿಲ್ಲೋ?"

ದಪ್ಪ ಉಣ್ಣೆ ಸಾಕ್ಸ್‌ಗೆ ಜಾಗ ಬೇಕು ಅಂತ ಅದನ್ನು ಮಾತ್ರ ನಿಜವಾಗಲೂ ಒಂದು ಸೈಜ್ ದೊಡ್ಡದೇ ತಗೊಂಡಿದ್ದೆ. ಹೂಂ ಅಂದೆ. ಅವ್ವ ಆ ಕಡೆ ಅಪ್ಪನಿಗೆ ಗೆದ್ದವರ ಹಾಗೆ ಏನೋ ಹೇಳಿದ್ದು ಅರ್ಧಂಬರ್ಧ ಕೇಳಿಸ್ತು.